ಪಕ್ಕದ ಸೀಟಿನ ಐವತ್ತು ಕಿಲೋ

ಏಳು ಪಾಯಿಂಟ್ ಒಂಬತ್ತು.

ಮುಂದಿನ ಗಾಜಿಗೆ ಅಂಟಿಸಿದ್ದ ಟೈಮರ್ ಪೆಟ್ಟಿಗೆಯ ಮೇಲೆ ಅಂಕಿ ನಿಂತುಬಿಟ್ಟಿತು. ಕಾರು ಮಾತ್ರ ಇನ್ನೂ ನಿಂತಿರಲಿಲ್ಲ. ಸಂಪಾದಕರು ಬ್ರೇಕ್ ಒತ್ತಿದಾಗ ಸೀಟ್ ಬೆಲ್ಟು ಗುಬ್ಬಿಯ ಎದೆಗೆ ಹಗ್ಗ ಬಿಗಿದ ಹಾಗೆ ಬಿಗಿಯಿತು. ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ವೇಗ ಮುಟ್ಟಲು ಏಳು ಪಾಯಿಂಟ್ ಒಂಬತ್ತು ಸೆಕೆಂಡು. ಹೋಗುವಾಗಲೂ ಅಷ್ಟೇ, ತಿರುಗಿ ಬರುವಾಗಲೂ ಅಷ್ಟೇ.

ಇವಳು ಹತ್ತಿ ಕೂರುವ ಮುಂಚೆ, ಸಂಪಾದಕರು ಒಬ್ಬರೇ ಓಡಿಸಿದಾಗ, ಏಳು ಆರು ಬಂದಿತ್ತು.

ಗುಬ್ಬಿ ತೊಡೆಯ ಮೇಲಿನ ರಟ್ಟಿಗೆ ಸಿಕ್ಕಿಸಿದ್ದ ಹಾಳೆಯಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆದಳು. ವ್ಯತ್ಯಾಸ ಪಾಯಿಂಟ್ ಮೂರು ಸೆಕೆಂಡು. ರೆಪ್ಪೆ ಬಡಿದು ತೆರೆಯುವಷ್ಟು ಹೊತ್ತು. ಆ ಸಂದಿಯಲ್ಲಿ ಅವಳ ಭಾವನ ಇಡೀ ಬದುಕು ಸಿಕ್ಕಿಕೊಂಡಿತ್ತು.

ಒಂಬತ್ತು ದಿನಗಳ ಹಿಂದೆ ಇದೇ ರಸ್ತೆಯ ಕೊನೆಯ ಗೋಡೆಗೆ ಕೆಂಪು ಕಾರೊಂದು ಗುದ್ದಿ, ಅದನ್ನು ಓಡಿಸುತ್ತಿದ್ದ ಅವಳ ಸೋದರಮಾವ ತೀರಿಕೊಂಡಿದ್ದರು. ಬ್ರೇಕಿನ ಕೊಳವೆಯನ್ನು ಯಾರೋ ಕತ್ತರಿಸಿದ್ದರು. ಬೆಳಿಗ್ಗೆ ಆ ಕಾರಿನ ತಪಾಸಣೆ ಮಾಡಿದ್ದ ಮೇಸ್ತ್ರಿ, ಅಂದರೆ ಅವಳ ಅಕ್ಕನ ಗಂಡ, ಈಗ ಠಾಣೆಯಲ್ಲಿದ್ದ. ಇವತ್ತು ಸಂಜೆ ಐದಕ್ಕೆ ಇನ್ಸ್‌ಪೆಕ್ಟರು ಕಾಗದಪತ್ರ ಮುಗಿಸಿ ಅವನನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಈಗ ಮೂರೂವರೆ.

ಗೋದಾಮುಗಳ ನಡುವಿನ ಈ ಉದ್ದನೆಯ ಹಾಳು ರಸ್ತೆಯನ್ನು ಇವರೆಲ್ಲ ಕೆಲಸ ಮಾಡುತ್ತಿದ್ದ ವಾಹನಗಳ ಮಾಸಪತ್ರಿಕೆ ಕಾರುಗಳ ಪರೀಕ್ಷೆಗೆಂದು ಗುತ್ತಿಗೆಗೆ ಹಿಡಿದಿತ್ತು. ಎರಡೂ ಕಡೆ ಕಿಟಕಿಯಿಲ್ಲದ ಗೋಡೆ, ಒಂದು ತುದಿಗೆ ಕಬ್ಬಿಣದ ಗೇಟು, ಇನ್ನೊಂದು ತುದಿಗೆ ಮಾವ ಗುದ್ದಿದ ಗೋಡೆ. ಗೇಟಿಗೆ ಮೂರೇ ಬೀಗದ ಕೈ: ಸಂಪಾದಕರದ್ದೊಂದು, ಮಾವನದ್ದೊಂದು, ಭಾವನದ್ದೊಂದು. ಪೊಲೀಸರ ವಾದ ಸರಳವಾಗಿತ್ತು. ಸಂಪಾದಕರು ಆ ಹೊತ್ತಿನಲ್ಲಿ ಕಚೇರಿಯಲ್ಲಿದ್ದೆ ಎಂದು ಬರೆದುಕೊಟ್ಟಿದ್ದಾರೆ. ಕಾರಿನಲ್ಲಿ ಸತ್ತವರೊಬ್ಬರೇ. ಅಲ್ಲಿಗೆ ಬೇರೆ ಯಾರೂ ಬಂದಿಲ್ಲ. ಹಾಗಾದರೆ ಉಳಿದವನು ಮೇಸ್ತ್ರಿ.

ಬೇರೆ ಯಾರೂ ಬಂದಿಲ್ಲ ಎಂಬ ಆ ಒಂದು ಮಾತು ಸುಳ್ಳಾದರೆ ಸಾಕು, ಭಾವನ ಕುತ್ತಿಗೆಯ ಕುಣಿಕೆ ಸಡಿಲವಾಗುತ್ತಿತ್ತು.

ಅಂದು ಗುಬ್ಬಿ ಇಲ್ಲಿ ಇರಲಿಲ್ಲ. ಪರೀಕ್ಷೆಯ ದಿನ ಅಂಕಿ ಬರೆದುಕೊಳ್ಳುವುದು ಅವಳ ಕೆಲಸ. ಆದರೆ ಅಂದು ಜ್ವರದಲ್ಲಿ ಮನೆಯಲ್ಲಿ ಒಬ್ಬಳೇ ಕಂಬಳಿ ಹೊದ್ದು ಮಲಗಿದ್ದಳು. ಅಕ್ಕ ಮಾತ್ರೆ ನುಂಗಿಸಿ, ಭಾವನಿಗೆ ಊಟದ ಡಬ್ಬಿ ಕೊಟ್ಟು ಬರುತ್ತೇನೆಂದು ಹೊರಟು, ಮಧ್ಯಾಹ್ನ ಎರಡಕ್ಕೆ ಬಂದಿದ್ದಳು.

ಆ ತಿಂಗಳ ಪರೀಕ್ಷೆ ಮೂರು ಕಾರುಗಳದ್ದು. ಕೆಂಪು, ನೀಲಿ, ಬಿಳಿ. ಮೂರೂ ಸಣ್ಣವೇ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಸಂಜೆ ತರಕಾರಿ ಚೀಲ ಹೊತ್ತು ತರುವಂಥವೇ. ಆದರೆ ಕಾಲು ಒತ್ತಿದರೆ ದೊಡ್ಡ ಕಾರಿನವರ ಬೆವರಿಳಿಸುವಂಥವು. ಕಾಗದದ ಮೇಲೆ ಎಲ್ಲಕ್ಕಿಂತ ಬಲ ಹೆಚ್ಚು ಇದ್ದದ್ದು ನೀಲಿಗೆ. ಕಾಗದದ ಕುದುರೆಗೆ ಮೇವೂ ಬೇಡ, ರಸ್ತೆಯೂ ಬೇಡ ಎಂದು ಮಾವ ನಗುತ್ತಿದ್ದರು. ನಿಜವಾದ ರಸ್ತೆಗೆ ಬಂದರೆ ನೀಲಿ ಹೊರಡುವಾಗಲೇ ಚಕ್ರ ಸುಮ್ಮನೆ ತಿರುಗಿಸಿಕೊಂಡು ಅರ್ಧ ಸೆಕೆಂಡು ಕಳೆದುಕೊಳ್ಳುತ್ತಿತ್ತು. ಬಿಳಿಯದು ತಾನೇ ಗೇರು ಬದಲಿಸಿಕೊಂಡು ಸರಕಾರಿ ಗುಮಾಸ್ತನ ಹಾಗೆ, ಆತುರವಿಲ್ಲದೆ, ತಪ್ಪದೆ ಓಡುತ್ತಿತ್ತು. ಕೆಂಪು ಮಾತ್ರ ಹೇಳಿದ ಮಾತು ಕೇಳುವ ಕಾರು. ಮಾವನ ನೋಟುಪುಸ್ತಕದಲ್ಲಿ ಅದರ ಹನ್ನೊಂದು ಓಟಗಳಿದ್ದವು. ಹನ್ನೊಂದೂ ಏಳು ಐದು.

ಅವರ ಕೊನೆಯ ಓಟವೂ ಏಳು ಐದು ಎಂದು ಪೊಲೀಸರಿಗೆ ಓದಿ ಹೇಳಿದವರು ಸಂಪಾದಕರು. ಒಬ್ಬರೇ ಇದ್ದಾಗಿನ ಅಂಕಿಯೂ ಅದೇ, ಕೊನೆಯ ಅಂಕಿಯೂ ಅದೇ, ಆದ್ದರಿಂದ ಕಾರಿನಲ್ಲಿ ಇನ್ನೊಬ್ಬರು ಇರಲಿಕ್ಕೆ ಸಾಧ್ಯವೇ ಇಲ್ಲ ಎಂದು ವಿವರಿಸಿ ಸಹಿ ಹಾಕಿದ್ದರು.

ಮೊನ್ನೆ ಠಾಣೆಯಲ್ಲಿ, ಜಖಂ ಆದ ಕಾರಿನ ಟೈಮರಿನಿಂದ ತೆಗೆದ ಚೀಟಿಯನ್ನು ಇನ್ಸ್‌ಪೆಕ್ಟರು ಮೇಜಿನ ಮೇಲೆ ಮರೆತು ಚಹಾಕ್ಕೆ ಎದ್ದಾಗ ಗುಬ್ಬಿ ಕತ್ತು ಚಾಚಿ ನೋಡಿದ್ದಳು. ಏಳು ಐದರ ಪಕ್ಕದಲ್ಲಿ ಇರುವೆಯ ತಲೆಯಷ್ಟು ಒಂದು ಚುಕ್ಕಿ.

ಆ ಚುಕ್ಕಿಯ ಅರ್ಥ ಪತ್ರಿಕೆಯ ಕಚೇರಿಯವರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಾಗುವಂಥದ್ದಲ್ಲ. ಈ ಕಸುಬಿನಲ್ಲಿ ಒಂದು ಹಳೆಯ ರೂಢಿಯಿದೆ: ಕಾರು ಮೊದಲ ಒಂದು ಅಡಿ ಸರಿಯುವ ತನಕ ಗಡಿಯಾರ ಶುರುವಾಗುವುದಿಲ್ಲ. ಆ ಒಂದು ಅಡಿ ಬಿಟ್ಟರೆ ಪಾಯಿಂಟ್ ಮೂರು ಸೆಕೆಂಡು ಉಳಿಯುತ್ತದೆ, ಅಂಕಿ ಅಂದವಾಗಿ ಕಾಣುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುದು ಹಾಗೆ ಅಡಿ ಬಿಟ್ಟ ಅಂಕಿ; ಅದರ ಪಕ್ಕ ಟೈಮರ್ ಒಂದು ಚುಕ್ಕಿ ಹಾಕುತ್ತಿತ್ತು. ಮಾವ ನೋಟುಪುಸ್ತಕದಲ್ಲಿ ಬರೆಯುತ್ತಿದ್ದುದು ಅಡಿ ಸೇರಿದ ಅಂಕಿ. ಆಫೀಸಿಗೆ ಹೋಗೋನು ಸಿಗ್ನಲ್ಲಿನಲ್ಲಿ ಒಂದಡಿ ಮುಂದೆ ಸರಿದು ಆಮೇಲೆ ಹೊರಡ್ತಾನಾ ಎಂಬುದು ಅವರ ಖಾಯಂ ತಕರಾರು.

ಅಂದರೆ ಸಂಪಾದಕರು ಸೊಲಿಗೆಯಲ್ಲಿ ಅಳೆದದ್ದನ್ನೂ ಸೇರಿನಲ್ಲಿ ಅಳೆದದ್ದನ್ನೂ ಪಕ್ಕಪಕ್ಕ ಇಟ್ಟು ಎರಡೂ ಸಮ ಎಂದಿದ್ದರು. ಬಿಟ್ಟ ಅಡಿಯನ್ನು ಸೇರಿಸಿದರೆ ಮಾವನ ಕೊನೆಯ ಓಟ ಏಳು ಎಂಟು. ಪಾಯಿಂಟ್ ಮೂರು ನಿಧಾನ. ಇಂಧನ ಅಂದೂ ಅರ್ಧ ಟ್ಯಾಂಕು, ಏಸಿ ಅಂದೂ ಬಂದ್, ಚಕ್ರದ ಗಾಳಿ ಭಾವನೇ ನೋಡಿ ಬರೆದಿಟ್ಟದ್ದು. ಕಾರು ಸುಮ್ಮಸುಮ್ಮನೆ ಭಾರವಾಗುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರೋ ಕೂತಿದ್ದರು.

ಸಂಪಾದಕರು ಚುಕ್ಕಿ ಮರೆತು ಬರೆದಿರಬೇಕು, ಪಾಪ ಎಂದೇ ಅವಳು ನಂಬಿದ್ದಳು. ಬೆಳಿಗ್ಗೆ ಸಂಪಾದಕರ ಮೇಜಿನ ಮುಂದೆ ನಿಂತು, ಕಾಲಿನ ಹೆಬ್ಬೆರಳು ನೋಡುತ್ತ, ಅದೇ ಮಾದರಿಯ ಇನ್ನೊಂದು ಕಾರಿನಲ್ಲಿ ಒಮ್ಮೆ ಒಬ್ಬರೇ, ಒಮ್ಮೆ ಇಬ್ಬರು ಕೂತು ಓಡಿಸಿ ನೋಡೋಣವೇ ಎಂದು ಕೇಳಿದ್ದಳು. ಅವರು ತಕ್ಷಣ ಒಪ್ಪಿದ್ದರು. ಎಷ್ಟು ತಕ್ಷಣ ಎಂಬುದು ಈಗ ನೆನಪಾಗುತ್ತಿತ್ತು.

ಕಾರು ತಿರುಗಿ, ಗೇಟಿನ ಕಡೆ ಹೋಗುವ ಬದಲು, ಎಡಗಡೆಯ ಗೋಡೆಗೆ ಒತ್ತಿಕೊಂಡು ನಿಂತಿತು. ಎಂಜಿನ್ ಆರಲಿಲ್ಲ.

ಗುಬ್ಬಿ ಬಾಗಿಲು ತಳ್ಳಿದಳು. ಎರಡು ಬೆರಳಗಲ ತೆರೆದು ಗೋಡೆಗೆ ತಾಗಿ ಕರ್ರೆಂದಿತು. ಅವಳು ಎಳೆದುಕೊಂಡ ಕೂಡಲೇ ಟಕ್ ಎಂದು ಲಾಕು ಬಿತ್ತು. ಕಿಟಕಿಯ ತುಂಬ ಸುಣ್ಣ ಉದುರಿದ ಇಟ್ಟಿಗೆ. ಕೈ ಚಾಚುವುದಿರಲಿ, ಉಸಿರು ಬಿಟ್ಟರೆ ಗೋಡೆಯೇ ವಾಪಸು ಕೊಡುವಂತಿತ್ತು. ಫೋನು ಚೀಲದಲ್ಲಿ, ಚೀಲ ಗೇಟಿನ ಪಕ್ಕದ ಶೆಡ್ಡಿನಲ್ಲಿ. ಪರೀಕ್ಷೆಯ ಕಾರಿನಲ್ಲಿ ಬಿಡಿ ಸಾಮಾನು ಇಡಬಾರದೆಂಬ ನಿಯಮವನ್ನು ಗೋಡೆಗೆ ಬರೆದು ಅಂಟಿಸಿದವಳು ಅವಳೇ.

ಸಂಪಾದಕರು ಅವಸರ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಭಾರಿ ಆಳು. ಸೀಟು ಅವರ ಕೆಳಗೆ ಕುರ್ಚಿಯ ಮೇಲಿಟ್ಟ ಅಕ್ಕಿ ಮೂಟೆಯಂತೆ ಉಬ್ಬಿತ್ತು.

"ಎಷ್ಟು ಬಂತು ಗುಬ್ಬಿ?"

ಆ ಹೆಸರು ಮಾವ ಇಟ್ಟದ್ದು. ಮನೆಯವರ ಬಾಯಲ್ಲಿದ್ದುದು ಮಾವನ ಜೊತೆ ಕಚೇರಿಗೆ ಬಂದು, ಎಲ್ಲರ ಬಾಯಿಗೂ ಬಿದ್ದಿತ್ತು.

ಪಾಯಿಂಟ್ ಮೂರು ಜಾಸ್ತಿ ಎಂದಳು. ಅವರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಅವರು ತಲೆಯಾಡಿಸಿದರು. ಬುದ್ಧಿವಂತೆ, ನಿಮ್ಮ ಮಾವನ ಕಣ್ಣೇ ನಿನಗೂ ಬಂದಿದೆ ಎಂದು ಹೊಗಳಿದರು. ಇಪ್ಪತ್ತು ವರ್ಷದಿಂದ ಓದುಗರಿಗೆ ನಿಂತಲ್ಲಿಂದ ಎಂದು ಹೇಳಿ ಒಂದು ಅಡಿ ನುಂಗುತ್ತ ಬಂದಿದ್ದೇವೆ, ಅದನ್ನು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತೇನೆ ಎಂದು ನಿಮ್ಮ ಮಾವ ಹಟ ಹಿಡಿದಿದ್ದರು ಎಂದರು. ಒಳ್ಳೆಯ ಮನುಷ್ಯ, ಹಟ ಮಾತ್ರ ಕತ್ತೆಯದು ಎಂದೂ ಸೇರಿಸಿದರು. ಸತ್ತವರ ಮನೆಯಲ್ಲಿ ಕೂತು ಮಾತಾಡುವವರ ಹಾಗೆ, ತಗ್ಗಿದ ದನಿಯಲ್ಲಿ.

ಗುಬ್ಬಿಗೆ ಆಗ ಹೊಳೆಯಿತು. ಕಾರಿನಲ್ಲಿ ಇಬ್ಬರಿದ್ದರೋ ಒಬ್ಬರೋ ಎಂದು ಪೊಲೀಸರು ಇವರನ್ನು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಇವರೇ ಹೋಗಿ ಉತ್ತರ ಬರೆದುಕೊಟ್ಟು ಬಂದಿದ್ದರು.

"ಸರ್, ಚುಕ್ಕಿ ಇದ್ದಿದ್ದು ನಿಮಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

ಉತ್ತರ ಅಷ್ಟು ಸಲೀಸಾಗಿ ಬಂತು. ಡೈರಿಯಲ್ಲಾದರೆ ಇಂಥ ಕಡೆ ನಾಲ್ಕು ಸಾಲು ಬರೆಯುತ್ತಿದ್ದಳು. ಬಾಯಲ್ಲಿ ನಾಲ್ಕು ಅಕ್ಷರವೂ ಕೂಡಿಕೊಳ್ಳಲಿಲ್ಲ. ಕೊನೆಗೆ, ಹಾಗಾದರೆ ಆ ಸೀಟಿನಲ್ಲಿ ಕೂತಿದ್ದವರು ನೀವೇ ಎಂದುಬಿಟ್ಟಳು.

ಸಂಪಾದಕರು ನಕ್ಕರು. ಹೊಟ್ಟೆ ಸ್ಟೀರಿಂಗಿಗೆ ತಾಗಿ ಕುಣಿಯಿತು.

"ಲೆಕ್ಕ ಮಾಡಮ್ಮ. ನಿಂಗೇ ಗೊತ್ತು. ನಾನು ತೊಂಬತ್ತೈದು ಕಿಲೋ. ನಾನು ಕೂತಿದ್ರೆ ಆ ಕಾರು ಎಂಟು ದಾಟ್ತಿತ್ತು. ದಾಟಿದ್ಯಾ?"

ದಾಟಿರಲಿಲ್ಲ.

"ಪಾಯಿಂಟ್ ಮೂರು ಅಂದ್ರೆ ಎಷ್ಟು? ಈಗ ತಾನೆ ನೋಡಿದ್ಯಲ್ಲ. ನಿನ್ನಷ್ಟು. ಐವತ್ತು, ಬೇಕಾದ್ರೆ ಒಂದೆರಡು ಆಚೀಚೆ." ಅವರು ಕನ್ನಡಕ ಹಾಕಿಕೊಂಡು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಹಾಕ್ಕೊಂಡಿರೋ ಈ ಕುರ್ತಾ ಯಾರದು?"

ಗುಬ್ಬಿ ತನ್ನ ತೋಳು ನೋಡಿಕೊಂಡಳು. ಕಂದು ಬಣ್ಣದ ಹತ್ತಿ ಬಟ್ಟೆ, ಮಣಿಕಟ್ಟಿನ ಬಳಿ ಒಂದು ಗುಂಡಿ ಬೇರೆ ದಾರದಲ್ಲಿ ಹೊಲಿದದ್ದು. ಅಕ್ಕನದು. ಇಬ್ಬರದೂ ಒಂದೇ ಅಳತೆ, ಒಂದೇ ಕಪಾಟು. ಬೆಳಿಗ್ಗೆ ಯಾರ ಕೈಗೆ ಯಾವುದು ಸಿಕ್ಕಿತೋ ಅದು ಅವರದು.

ಗೋಡೆ ಇನ್ನೂ ಎರಡು ಬೆರಳು ಹತ್ತಿರ ಬಂದ ಹಾಗಾಯಿತು.

ಅವರು ಹೇಳುತ್ತ ಹೋದರು. ಆಫೀಸಿಗೆ ಹೋಗುವ ಜನ ಒಬ್ಬರೇ ಕಾರಿನಲ್ಲಿ ಕೂರುವುದಿಲ್ಲ, ಗಂಡ ಹೆಂಡತಿ ಇಬ್ಬರೂ ಕೂರುತ್ತಾರೆ, ಆದ್ದರಿಂದ ಇಬ್ಬರನ್ನು ಕೂರಿಸಿಕೊಂಡು ಓಡಿಸಿದರೇ ನಿಜವಾದ ಪರೀಕ್ಷೆ ಎಂದು ಮಾವ ಎಷ್ಟೋ ದಿನದಿಂದ ಅನ್ನುತ್ತಿದ್ದದ್ದು ನಿನಗೇ ಗೊತ್ತಲ್ಲ. ಅಂದು ನೀನು ಬರಲಿಲ್ಲ. ಊಟದ ಡಬ್ಬಿ ಹಿಡಿದು ಗೇಟಿಗೆ ಯಾರು ಬಂದರು? ಬಂದವಳನ್ನು ಮಾವ ಬಾ ಮಗಳೇ ಎಂದು ಕೂರಿಸಿಕೊಂಡರು. ಓಟ ಮುಗಿಯಿತು. ಗೇಟಿನ ಹತ್ತಿರ ಅವಳು ಇಳಿದಳು. ಮಾವ ಟೈಮರ್ ಹಾಕದೆ ಮತ್ತೆ ಗೋಡೆಯ ಕಡೆ ಹೋದಾಗ ಬ್ರೇಕು ಹಿಡಿಯಲಿಲ್ಲ. ನಡುವಿನ ಆ ಹತ್ತು ನಿಮಿಷ ಕಾರಿನ ಹತ್ತಿರ ಇದ್ದವರು ಯಾರು ಎಂದು ಪೊಲೀಸರು ಕೇಳಿದರೆ ನಿನ್ನ ಹಾಳೆ ಏನು ಹೇಳುತ್ತದೆ?

ಅಕ್ಕ ಒಂಬತ್ತು ದಿನದಿಂದ ಈ ವಿಷಯದಲ್ಲಿ ಒಂದು ಸೊಲ್ಲೂ ಎತ್ತಿರಲಿಲ್ಲ. ಗಂಡ ಒಳಗಿದ್ದಾನೆ, ಹೆಂಡತಿ ದಿನವೂ ಡಬ್ಬಿ ಕಟ್ಟಿಕೊಂಡು ಠಾಣೆಗೆ ಹೋಗುತ್ತಾಳೆ, ಬರುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಅತ್ತದ್ದನ್ನು ಗುಬ್ಬಿ ನೋಡಿರಲಿಲ್ಲ. ದುಃಖ ಹೆಪ್ಪುಗಟ್ಟಿದೆ ಅಂದುಕೊಂಡಿದ್ದಳು.

ಸಂಪಾದಕರು ಗೇರು ಹಾಕಿ ಕಾರನ್ನು ನಿಧಾನವಾಗಿ ಮುಂದಕ್ಕೆ ಬಿಟ್ಟರು. ಎರಡು ಗೋದಾಮುಗಳ ನಡುವಿನ ಸಂದಿ ಬಂತು. ಅವಳ ಕಡೆಯ ಕಿಟಕಿಗೆ ಬೆಳಕು ಬಿತ್ತು. ಟಕ್ ಎಂದು ಲಾಕು ತೆರೆಯಿತು.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡೋನಲ್ಲ ನಾನು. ಬಾಗಿಲು ತೆಗೆದಿದೆ. ಹಾಳೆ ನಿನ್ನ ಕೈಯಲ್ಲೇ ಇದೆ. ಹೋಗಿ ಕೊಡು."

ಅವಳು ಹಿಡಿಯ ಮೇಲೆ ಕೈಯಿಟ್ಟಳು. ಈ ಸಲ ಬಾಗಿಲು ಪೂರ್ತಿ ತೆರೆಯುತ್ತಿತ್ತು. ಹೊರಗೆ ಒಣ ಹುಲ್ಲು, ಒಂದು ಒಡೆದ ಬಕೆಟ್ಟು, ಅದರಾಚೆ ಗೇಟಿನ ಕಡೆ ಹೋಗುವ ಕಾಲುದಾರಿ. ಹಾಳೆ ಕೊಟ್ಟರೆ ಭಾವ ಹೊರಗೆ, ಅಕ್ಕ ಒಳಗೆ. ಹರಿದರೆ ಭಾವ ಒಳಗೆ, ಅಕ್ಕ ಜೀವಂತ ಹೆಣದ ಹಾಗೆ ಹೊರಗೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಲ್ಲುವುದಕ್ಕೆ ಒಂದು ಕಾಲಿಡುವಷ್ಟೂ ಜಾಗವಿಲ್ಲ. ಕೈ ಹಿಡಿಯ ಮೇಲೇ ಉಳಿಯಿತು. ಬೀಗ ಹಾಕಿದ್ದಾಗ ಇಷ್ಟು ಭಯವಾಗಿರಲಿಲ್ಲ.

ಅದನ್ನು ನೋಡಿ ಅವರಿಗೆ ಧೈರ್ಯ ಬಂತೋ, ಚಪಲ ಬಂತೋ. ನೀನು ಹೇಳಲಾರೆ, ನಾನೇ ಸಹಾಯ ಮಾಡುತ್ತೇನೆ ಎಂದು ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಫೋನಿನಲ್ಲಿ ಇನ್ಸ್‌ಪೆಕ್ಟರಿಗೆ ಕರೆ ಹಚ್ಚಿ, ಸ್ಪೀಕರ್ ಹಾಕಿದರು. ಹುಡುಗಿ ಕಾರಿನಲ್ಲಿ ಇನ್ನೊಬ್ಬರು ಇದ್ದರು ಅಂತಾಳೆ, ಅವಳ ಬಾಯಿಂದಲೇ ಕೇಳಿಬಿಡಿ, ಆಮೇಲೆ ಇದು ಮುಗಿಯಲಿ ಎಂದರು. ಅವಳು ಬಾಯಿ ತೆರೆಯುವುದಿಲ್ಲ ಎಂಬ ನಂಬಿಕೆ ಅವರ ದನಿಯಲ್ಲಿ ಎದ್ದು ಕಾಣುತ್ತಿತ್ತು. ಮೂರು ವರ್ಷದಿಂದ ಕಚೇರಿಯ ಸಭೆಗಳಲ್ಲಿ ಅವಳು ಬಾಯಿ ತೆರೆದದ್ದೇ ಇಲ್ಲ.

ಆ ಕಡೆ ಕುರ್ಚಿ ಎಳೆದ ಸದ್ದು. ಇನ್ಸ್‌ಪೆಕ್ಟರ ದನಿ ಎಂದಿನಂತೆ ನಿದ್ದೆಗಣ್ಣಿನದು.

"ಹೇಳಮ್ಮ. ಯಾರಿದ್ರು?"

ಗುಬ್ಬಿ ಹಾಳೆ ನೋಡಿದಳು. ಐವತ್ತು ಕಿಲೋ. ಒಂದೇ ಅಳತೆ. ಅಂದು ಮನೆಯಲ್ಲಿ ಅವಳನ್ನು ನೋಡಿದವರು ಯಾರೂ ಇಲ್ಲ.

"ನಾನೇ ಇದ್ದೆ ಸರ್."

ಅವಳು ಮುಂದುವರಿಸಿದಳು, ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದೂ ಅಷ್ಟೇ ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಜ್ವರ ಬಿಟ್ಟಿತ್ತು, ಬಂದೆ, ಮಾವನ ಪಕ್ಕ ಕೂತೆ, ಓಟ ಮುಗಿದ ಮೇಲೆ ಇಳಿದೆ, ಭಾವ ಅಲ್ಲಿ ಇರಲೇ ಇಲ್ಲ, ಬೇಕಾದರೆ ಬರೆದುಕೊಡುತ್ತೇನೆ ಎಂದಳು.

"ಸುಳ್ಳು," ಎಂದರು ಸಂಪಾದಕರು. "ಇವಳಲ್ಲ ಸರ್. ಇವಳು ಅಲ್ಲಿ ಇರ್ಲೇ ಇಲ್ಲ."

ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಗುಬ್ಬಿ ಕಳ್ಳ ಎಂದು ಯಾರನ್ನೂ ಕರೆದಿರಲಿಲ್ಲ. ತನ್ನ ಹೆಗಲ ಮೇಲೇ ಕಾಯಿ ಹೊತ್ತು ನಿಂತಿದ್ದಳು. ಆದರೂ ಪಕ್ಕದವರ ಕೈ ತಾನಾಗಿ ಮೇಲೆದ್ದಿತ್ತು.

ಇನ್ಸ್‌ಪೆಕ್ಟರ ದನಿಯಲ್ಲಿ ಈಗ ನಿದ್ದೆಯಿರಲಿಲ್ಲ.

"ನೀವು ಆ ಹೊತ್ತಿಗೆ ಆಫೀಸಲ್ಲಿದ್ದೆ ಅಂತ ಬರ್ಕೊಟ್ಟಿದೀರಲ್ಲ ಸ್ವಾಮಿ. ಇವಳು ಅಲ್ಲಿರ್ಲಿಲ್ಲ ಅಂತ ಹೆಂಗೆ ಗೊತ್ತಾಯ್ತು?"

ಜ್ವರ ಅಂತ ರಜೆ ಚೀಟಿ ಕಳಿಸಿದ್ದಳು ಎಂದು ತಡವರಿಸಿ ಶುರು ಮಾಡಿದ ಸಂಪಾದಕರು ಅರ್ಧಕ್ಕೇ ಬಿಟ್ಟರು. ಚೀಟಿ ಕಳಿಸಿದವಳು ಆಮೇಲೆ ಇಲ್ಲಿಗೆ ಬರಲೇ ಇಲ್ಲ ಎಂಬುದು ಕಚೇರಿಯಲ್ಲಿ ಕೂತವರಿಗೆ ಗೊತ್ತಾಗುವಂಥದ್ದಲ್ಲ. ಅವರ ಕಣ್ಣು ರಸ್ತೆಯ ಕೊನೆಯ ಗೋಡೆಯ ಮೇಲಿತ್ತು.

"ಮತ್ತೆ ನೀನ್ಯಾಕಮ್ಮ ಸುಳ್ಳು ಹೇಳ್ದೆ?" ಎಂದು ಫೋನು ಕೇಳಿತು. "ಯಾರನ್ನ ಉಳಿಸೋಕೆ?"

ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಬಲೆ ಅವಳ ಕಾಲಿಗೂ ಬಿಗಿದಿತ್ತು. ಫೋನಿನಲ್ಲಿ ಏನೋ ಗದ್ದಲ, ಸ್ಟೀಲಿನ ಡಬ್ಬಿಯೊಂದು ಮೇಜಿನ ಮೇಲೆ ಉರುಳಿದ ಸದ್ದು, ಇರಮ್ಮ ಇರಮ್ಮ ಎಂದು ಇನ್ಸ್‌ಪೆಕ್ಟರು ಯಾರನ್ನೋ ತಡೆಯುತ್ತಿದ್ದುದು. ಆಮೇಲೆ ಫೋನಿಗೆ ತೀರ ಹತ್ತಿರದಿಂದ ಒಂದು ದನಿ. ಒಂಬತ್ತು ದಿನದಿಂದ ಊಟ ಆಯ್ತಾ, ನೀರು ಬಂತಾ ಎನ್ನುವುದರಾಚೆ ಒಂದು ಮಾತೂ ಆಡದಿದ್ದ ದನಿ.

"ಅವಳಲ್ಲ ಸರ್, ನಾನೇ ಇದ್ದಿದ್ದು. ಈ ಸಂಪಾದಕರು ಕಾರಿನಡಿ ಬಗ್ಗಿ ಏನೋ ಮಾಡ್ತಿದ್ದದ್ದನ್ನ ಕಣ್ಣಾರೆ ನೋಡ್ದೆ. ಮಾವ ಹೋದ್ಮೇಲೆ, ಬಾಯಿ ಬಿಟ್ರೆ ನಿನ್ನ ತಂಗಿ ದಿನಾ ನನ್ನ ಕಾರಲ್ಲೇ ಕೂರೋದು, ನೆನಪಿರ್ಲಿ ಅಂದ್ರು. ಅದಕ್ಕೇ ಸುಮ್ನಿದ್ದೆ." ಉಸಿರು ಎಳೆದುಕೊಂಡ ಸದ್ದು. "ಅವಳೀಗ ಎಲ್ಲಿದಾಳೆ? ಯಾವ ಕಾರಲ್ಲಿದಾಳೆ?"

ಟಕ್ ಎಂದಿತು ಲಾಕು.

ಗುಬ್ಬಿ ಹಿಡಿಯನ್ನು ಎರಡೂ ಕೈಯಲ್ಲಿ ಎಳೆದಳು. ಬೆನ್ನು ಸೀಟಿಗೆ ಅಂಟಿಕೊಂಡಿತು. ಎರಡೂ ಬದಿಯ ಗೋಡೆಗಳು ಹಿಂದಕ್ಕೆ ಸರಿಯತೊಡಗಿದವು, ಮೊದಲು ಇಟ್ಟಿಗೆ ಇಟ್ಟಿಗೆಯಾಗಿ, ಆಮೇಲೆ ಒಂದೇ ಬೂದು ಪಟ್ಟಿಯಾಗಿ. ಸಂಪಾದಕರು ಫೋನು ಆರಿಸಲು ಕೈಯೆತ್ತಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿತ್ತು, ಎದುರಿಗೆ ಮಾವ ಗುದ್ದಿದ ಗೋಡೆ ದೊಡ್ಡದಾಗುತ್ತಿತ್ತು.

"ಗುಬ್ಬೀ," ಎಂದು ಅಕ್ಕ ಕರೆಯುತ್ತಿದ್ದಳು. "ಇಳಿದ್ಯೇನೇ? ಮಾತಾಡೇ. ಇಳಿದ್ಯಾ?"